ಜಾರುಗುಂಡಿಯ ಮೇಲಿನ ಕೈ

"ಯಾವನಯ್ಯಾ ನೀನು? ನನ್ ಮೈಕ್ ಸೆಟ್ಟಿಗೆ ಕೈ ಆಕಕೆ ಎಷ್ಟು ಧೈರ್ಯ!"

ಬೆಳಕವಾಡಿಯ ಮದುವೆ ಚಪ್ಪರದಲ್ಲಿ ಸೋಮಮ್ಮನ ಕಣ್ಣು ಕೆಂಡವಾಗಿತ್ತು. ಸಿಕ್ಕಿಕೊಂಡ ಹಾಡಿನ ಪ್ಲೇಟನ್ನು ಅವಳು ಬೆರಳಿನಿಂದ ಹಿಂದಕ್ಕೆ ತಳ್ಳಿದ್ದೇ ತಡ, ಹಾರ್ನ್ ಗೀರ್ರೆಂದು ಕಿರುಚಿತ್ತು. ಊಟಕ್ಕೆ ಕೂತವರೆಲ್ಲ ಗೊಳ್ಳೆಂದು ನಕ್ಕಿದ್ದರು. ಅಷ್ಟರಲ್ಲಿ ಯಾರದೋ ಕೈ ಬಂದು ವಾಲ್ಯೂಮ್ ತಿರುಗಿಸಿ ಸದ್ದಡಗಿಸಿತ್ತು.

"ಕ್ವಾಪ ಮಾಡ್ಕಬ್ಯಾಡ ಕಣಮ್ಮಿ. ನಾನು ಶಿವಣ್ಣ, ಶಿವನಸಮುದ್ರದಾಗೆ ಕರೆಂಟ್ ಕೆಲ್ಸ. ನೀನು ತಳ್ದಾಗ ಬಂತಲ್ಲ ಸದ್ದು, ಅದ್ರಲ್ಲಿ ಅರ್ಧ ಬೋ ಸಂದಾಗಿತ್ತು."

"ಇನ್ನರ್ಧ?"

"ಕತ್ತೆ ಕೂಗ್ದಂಗಿತ್ತು!"

ಸೋಮಮ್ಮನಿಗೆ ಬಾಯಿ ತುಂಬ ಬೈಗುಳ ಬಂತು. ಹಿಂದೆಯೇ ನಗುವೂ ಬಂತು. ಬೈಗುಳವನ್ನು ಹೇಗೋ ನುಂಗಿದಳು, ನಗು ನುಂಗಲಾಗಲಿಲ್ಲ.

ಅದು ಎಪ್ಪತ್ತೊಂಬತ್ತನೇ ಇಸವಿ. ಮದ್ದೂರಿನ ರಾಮಲಿಂಗಯ್ಯನವರ ಮೈಕ್ ಸೆಟ್ ಅಂದರೆ ಸುತ್ತ ಹಳ್ಳಿಗೆಲ್ಲ ಗೊತ್ತು. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಹಾರ್ನ್ ಕಟ್ಟುವವಳೂ ಮಗಳು ಸೋಮಮ್ಮನೇ, ಪ್ಲೇಟು ಹಾಕುವವಳೂ ಸೋಮಮ್ಮನೇ. ಹೆಣ್ಣುಮಗಳು, ಅದರಲ್ಲೂ ಎಡಚಿ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರಾರು? ಕೇಳಿ ಕೇಳಿ ಅಪ್ಪನೂ ಸೋತಿದ್ದರು. ಸೆಟ್ಟನ್ನು ಮಳವಳ್ಳಿಯ ತಮ್ಮನ ಮಗನಿಗೆ ಒಪ್ಪಿಸುವ ಮಾತು ನಡೆದಿತ್ತು.

"ಶಿವನಸಮುದ್ರದ ಕರೆಂಟ್ ಕಾಲೋನಿ ವಾರ್ಷಿಕೋತ್ಸವ ಒಂದಾಗ್ಲಿ," ಅಂದರು ಅಪ್ಪ. "ಅವತ್ತು ಜನ ಮೆಚ್ಚುದ್ರೆ ಸೆಟ್ಟು ನಿಂದು ಕಣವ್ವ. ಇಲ್ದಿದ್ರೆ ಅವನ್ದು."

ಸೆಟ್ಟು ಕೈಬಿಟ್ಟರೆ ಸೋಮಮ್ಮನಿಗೆ ಉಳಿಯುವುದೇನು? ಬರೀ ಒಲೆ, ಬರೀ ಬೂದಿ...

ಅಂದಿನಿಂದ ಭಾನುವಾರ ಬಂತೆಂದರೆ ಶಿವಣ್ಣ ಮೈಕ್ ಅಂಗಡಿಗೆ ಹಾಜರು. ಪ್ಲೇಟು ತಳ್ಳಿದಾಗ ಬಂದ ಆ ಸದ್ದಿನ ಚೆಂದದ ಅರ್ಧವನ್ನು ತಾಳಕ್ಕೆ ಕೂರಿಸುವ ಹುಚ್ಚು ಇಬ್ಬರಿಗೂ ಹಿಡಿದಿತ್ತು. ಎರಡು ಪ್ಲೇಯರನ್ನು ಒಂದು ಡಬ್ಬಕ್ಕೆ ಕೂಡಿಸಿ, ಹಳೇ ರೇಡಿಯೋದಿಂದ ಕಿತ್ತ ಜಾರುಗುಂಡಿಯನ್ನು ಅದರ ಎಡಬದಿಗೆ ಕೂರಿಸಿದ. ಮೇಲಕ್ಕೆ ಸರಿಸಿದರೆ ಒಂದು ಪ್ಲೇಯರಿನ ಸದ್ದು, ಕೆಳಕ್ಕೆ ಸರಿಸಿದರೆ ಅದು ಮೌನ.

"ಪುಸ್ತಕದಾಗೆ ಇದ್ಕೆ ಫೇಡರ್ ಅಂತಾರೆ. ಪ್ಲೇಟ್ನ ಮುಂದುಕ್ಕೆ ತಳ್ಳುವಾಗ ಗುಂಡಿ ತೆಗಿ, ಇಂದುಕ್ಕೆ ಎಳ್ಯುವಾಗ ಮುಚ್ಚು. ಎಳ್ದಿದ್ದು ಜನುಕ್ಕೆ ಕೇಳ್ಬಾರ್ದು."

ಒಂದು ಪ್ಲೇಟಿನಲ್ಲಿ ತಮಟೆ ಬಡಿಯುತ್ತಿತ್ತು. ಇನ್ನೊಂದರಲ್ಲಿ ನಾದಸ್ವರ. ಅದರಡಿಗೆ ಸೋಮಮ್ಮ ಹಳೇ ರೇಷ್ಮೆ ಸೀರೆಯ ತುಂಡು ಹಾಸಿ, ಸಲೀಸಾಗಿ ಜಾರುವಂತೆ ಮಾಡಿದ್ದಳು. ಆದರೆ ಅವಳ ಎರಡು ಕೈಗೂ ಅತ್ತೆ ಸೊಸೆ ಜಗಳ! ತೆಗೆಯಬೇಕಾದಾಗ ಮುಚ್ಚುವಳು, ಮುಚ್ಚಬೇಕಾದಾಗ ತೆಗೆಯುವಳು. ಮೊದಮೊದಲು ಶಿವಣ್ಣನೇ ಅವಳ ಎಡಕ್ಕೆ ಕೂತು ಗುಂಡಿ ಸರಿಸಿದ. ಒಂದು ಭಾನುವಾರ ಎರಡು ಕೈಯೂ ರಾಜಿಯಾದವು.

ಜಿಕಿ... ಜಿಕಿ... ಜಿಕಿಜಿಕಿ!

"ಬಂತು ಕಣಮ್ಮಿ, ಬಂದ್ಬುಡ್ತು!" ಶಿವಣ್ಣ ಕುಣಿದೇಬಿಟ್ಟ. ಕಣ್ಣು ಕಣ್ಣು ಕಲೆತವು. ಸೋಮಮ್ಮ ತಲೆ ತಗ್ಗಿಸಿದಳು. 'ಅಯ್ಯೋ, ನಂಗೇನಾಯ್ತಾ ಅದೆ...?'

ಆ ಸಂಭ್ರಮ ಹೆಚ್ಚು ದಿನ ಬಾಳಲಿಲ್ಲ. ವಾರ್ಷಿಕೋತ್ಸವ ಹತ್ತಿರ ಬಂದಾಗ, ಶಿವಣ್ಣ ಅಪ್ಪನಿಗೆ ಹೇಳುತ್ತಿದ್ದುದು ಬಾಗಿಲಾಚೆ ನಿಂತ ಅವಳಿಗೆ ಕೇಳಿತು.

"ಯೋಚ್ನೆ ಬುಡಿ ಯಜಮಾನ್ರೇ. ಗುಂಡಿ ಮ್ಯಾಲೆ ನನ್ ಕೈ ಇರ್ತದೆ. ಅವ್ಳು ಸುಮ್ನೆ ಪ್ಲೇಟ್ ಮುಟ್ಕಂಡು ಕೂತಿರ್ಲಿ."

ಸುಮ್ನೆ ಕೂತಿರೋದಾ? 'ಇವನೂ ಅಷ್ಟೇನಾ...' ಅವಳ ಕಣ್ಣು ತುಂಬಿತು. ಊರೇ ಆಡಿಕೊಂಡಾಗಲೂ ಇಷ್ಟು ನೋವಾಗಿರಲಿಲ್ಲ.

ವಾರ್ಷಿಕೋತ್ಸವದ ಸಂಜೆ ಕಾಲೋನಿಯ ಮೈದಾನ ತುಂಬಿ ತುಳುಕುತ್ತಿತ್ತು. ವೇದಿಕೆಯನ್ನೆಲ್ಲ ಶಿವಣ್ಣನೇ ಸಜ್ಜು ಮಾಡಿದ್ದ. ಅವನು ಏನೋ ಹೇಳಲು ಹತ್ತಿರ ಬಂದ.

"ನೋಡು ಸೋಮಿ, ಅದು..."

"ಕೆಳುಕ್ಕೆ ಇಳಿಯಯ್ಯ! ನನ್ ಕೆಲ್ಸಕ್ಕೆ ನಿನ್ ಕೈ ಬ್ಯಾಡ!"

ಶಿವಣ್ಣನ ಮುಖ ಬಾಡಿತು. ವೇದಿಕೆ ಇಳಿದು ಹೋದ.

ತಮಟೆ ಶುರುವಾಯಿತು. ಸೋಮಮ್ಮ ಪ್ಲೇಟು ಎಳೆದಳು. ಗೀರ್ರ್! ಕೋಪದಲ್ಲಿ ಗುಂಡಿ ಮುಚ್ಚುವುದೇ ಮರೆತಿತ್ತು. ಜನ ನಕ್ಕರು. ಮುಂದಿನ ಸಾಲಿನಲ್ಲಿ ಅಪ್ಪ ತಲೆ ಬಗ್ಗಿಸಿದರು.

ಅವಳ ಕಣ್ಣು ಗಾಬರಿಯಿಂದ ಶಿವಣ್ಣ ತನಗೆಂದು ಹಾಕಿಕೊಂಡಿದ್ದ ಸ್ಟೂಲನ್ನು ಹುಡುಕಿತು. ಅದು ಬಲಗಡೆ, ಎರಡು ಪ್ಲೇಯರಿಗೂ ಆಚೆ ಇತ್ತು. ಜಾರುಗುಂಡಿಯ ಡಬ್ಬವನ್ನೋ ಮೇಜಿನ ಎಡತುದಿಗೆ ಮೊಳೆ ಹೊಡೆದು ಕೂರಿಸಿದ್ದ. ಆ ಸ್ಟೂಲಿನ ಮೇಲೆ ಕೂತವನ ಕೈ ಗುಂಡಿಗೆ ಎಟುಕುವ ಮಾತೇ ಇಲ್ಲ!

'ಗುಂಡಿ ಮುಟ್ಟೋ ಯೋಚ್ನೆನೇ ಇರ್ಲಿಲ್ಲ ಇವನ್ಗೆ... ಅಪ್ಪಂಗೆ ಸುಳ್ಳು ಯೋಳವ್ನೆ!'

ಮೈಯಲ್ಲಿ ಜೀವ ಬಂದಂತಾಯಿತು. ತಳ್ಳಿದಳು, ತೆಗೆದಳು. ಎಳೆದಳು, ಮುಚ್ಚಿದಳು. ನಾದಸ್ವರ ತುಂಡು ತುಂಡಾಗಿ ತಮಟೆಯ ಮೇಲೆ ಕುಣಿಯಿತು. ಜಿಕಿ ಜಿಕಿ, ಜಿಕಿಜಿಕಿ! ನಕ್ಕವರೇ ಎದ್ದು ನಿಂತರು. ಶಿಳ್ಳೆ, ಚಪ್ಪಾಳೆ! ಹೆಂಗಸರು ಸೆರಗು ಸಿಕ್ಕಿಸಿ ಕುಣಿದರು. "ಒನ್ಸ್ ಮೋರ್!" ಎಂದು ಮೈದಾನವೇ ಕೂಗಿತು.

ರಾಮಲಿಂಗಯ್ಯ ವೇದಿಕೆಗೇ ಏರಿಬಂದು, ಬಲಗಡೆಯ ಸ್ಟೂಲನ್ನೂ ಎಡತುದಿಯ ಗುಂಡಿಯನ್ನೂ ನೋಡಿದರು. "ಸೆಟ್ಟು ನಿಂದೇ ಕಣವ್ವ! ಅವನ ಕೈಲಿ ಗುಂಡಿ ಇರ್ತದೆ ಅಂತ ನಂಬ್ಕಂಡೇ ನಿನ್ನ ಕೂರ್ಸಿದ್ದು ನಾನು. ಕಳ್ ನನ್ಮಗ, ನಂಗೇ ಟೋಪಿ ಆಕ್ಬುಟ್ಟ!" ಬೈಯುತ್ತಲೇ ಕಣ್ಣೊರೆಸಿಕೊಂಡರು.

ಸೋಮಮ್ಮ ಜನರ ನಡುವೆ ನುಗ್ಗಿ ಓಡಿದಳು. ಶಿವಣ್ಣ ಮೈದಾನದ ಅಂಚಿನಲ್ಲಿ ಒಬ್ಬನೇ ನಿಂತು ಇನ್ನೂ ಚಪ್ಪಾಳೆ ತಟ್ಟುತ್ತಿದ್ದ.

"ನಂಗಾದ್ರೂ ನಿಜ ಯೋಳ್ಬಾರ್ದಿತ್ತಾ?"

"ಯೋಳಕೇ ಬಂದೆ. ನೀನು ಬಾಯ್ ಬುಡಕೆ ಬುಟ್ರೆ ತಾನೆ!"

"ಎಲ್ರ ಮುಂದೆ ಬೈದ್ಬುಟ್ಟೆ ನಿನ್ನ..." ಅವಳು ಬಿಕ್ಕಿದಳು.

"ಬೈಸ್ಕಳಕೆ ಒಬ್ರು ಬೇಕಲ್ಲ ನಿಂಗೆ. ಜೀವ್ನ ಪೂರ್ತಿ ನಾನೇ ಇರ್ತೀನಿ... ಇರ್ಲಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಇರು. ಆದ್ರೆ ಅಪ್ಪನ್ನ ಕೇಳೋರ್ಯಾರು?"

"ನೀನೇ ಕೇಳ್ಬೇಕು ಕಣಮ್ಮಿ. ಇನ್ಮ್ಯಾಕೆ ನನ್ ಮಾತ ಅವ್ರು ನಂಬಾಕಿಲ್ಲ!"

ಸೋಮಮ್ಮ ಅವನ ಕೈ ಹಿಡಿದು, ಇಡೀ ಕಾಲೋನಿ ನೋಡುತ್ತಿರುವಂತೆಯೇ ಅಪ್ಪನತ್ತ ಎಳೆದಳು.

"ಅಯ್ಯೋ, ಈಗ್ಲೇನಾ?"

"ಇನ್ನೇನು, ಇದ್ಕೂ ಮೂರ್ತ ನೋಡ್ಬೇಕಾ? ಬಾ ಸುಮ್ನೆ!"