ಮಾನಿಟರಮ್ಮನ ತನಿಖೆ

“ಬಾಯಿ ತೆಗಿ ಮಾವ. ಇನ್ನೂ ದೊಡ್ಡದಾಗಿ. ಈಗ ನಾಲಿಗೆ ಎತ್ತು.”

ಮಾವ ಎತ್ತಿದ. ಅವಳು ಟಾರ್ಚ್ ಬಿಟ್ಟು ನೋಡಿದಳು.

“ಮಾತ್ರೆ ಸಿಕ್ತಾ?”

“ಇಲ್ಲ. ಎರಡು ಹುಳುಕು ಹಲ್ಲು ಇವೆ.”

“ಅವೂ ನನ್ನ ವಿರುದ್ಧ ಸಾಕ್ಷಿ ಹೇಳ್ತವಾ?” ಎಂದು ಮಾವ ನಕ್ಕ.

ಅವಳು ನಾಲ್ಕನೇ ಕ್ಲಾಸಿನ ಮಾನಿಟರ್. ಮನೆಯಲ್ಲಿ ಕರೆಯುವುದೂ ಹಾಗೇ. ಅಮ್ಮನ ತಮ್ಮನಾದ ಈ ಮಾವನಿಗೆ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ. ಅದು ಜೋರಾದರೆ ಯಾರೂ ಆಡದ ಮಾತು ಅವನಿಗೆ ಕೇಳಿಸುತ್ತದೆ, ಎಲ್ಲರೂ ತನ್ನನ್ನೇ ಗಮನಿಸುತ್ತಿದ್ದಾರೆ ಎನಿಸುತ್ತದೆ. ಅದಕ್ಕೇ ದಿನವೂ ಮಾತ್ರೆ. ಅವನು ನುಂಗಿದ್ದನ್ನು ನೋಡಿ ಕ್ಯಾಲೆಂಡರಿನಲ್ಲಿ ಟಿಕ್ ಹಾಕುವ ಕೆಲಸ ಮಾನಿಟರ್‌ದು. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಆ ತಿಂಗಳು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆ ಸೇರಿದರು. ಮರುವಾರವೇ, ಮಾವ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ ಅಂಗಡಿ ಮುಚ್ಚಿತು. ಅವನು ಅಂಟಿನ ಬ್ರಶ್ಶು, ದಬ್ಬಣ ಎಲ್ಲವನ್ನೂ ಚೀಲದಲ್ಲಿ ತಂದಿಟ್ಟು, “ಇನ್ಮೇಲೆ ನಾನೇ ಬಿಡಿ ಹಾಳೆ” ಎಂದ. ಎಲ್ಲರೂ ನಕ್ಕರು. ಮಾವ ನಗಲಿಲ್ಲ.

ಒಂದು ಸಂಜೆ ಅವಳು ಸ್ಕೂಲಿಂದ ಬಂದಾಗ ಟಿವಿಗೆ ರಗ್ಗು ಹೊದಿಸಿತ್ತು.

“ನ್ಯೂಸ್ ಓದೋಳು ನನ್ನ ಬಗ್ಗೇನೇ ಹೇಳ್ತಿದ್ದಾಳೆ,” ಎಂದು ಮಾವ ಪಿಸುಗುಟ್ಟಿದ.

ಮಾನಿಟರ್‌ಗೆ ಸಿಟ್ಟು ನೆತ್ತಿಗೇರಿತು. “ನೀನು ಮಾತ್ರೆ ಉಗೀತಿದ್ದೀಯ! ನನ್ನ ಕಣ್ಣಿಗೇ ಮಣ್ಣೆರಚಿದ್ದೀಯ! ಸುಳ್ಳ!”

“ಇಲ್ಲಮ್ಮಾ, ನುಂಗಿದ್ದೀನಿ,” ಎಂದ ಮಾವ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಊಟಕ್ಕೂ ಬರಲಿಲ್ಲ.

ಮರುದಿನ ಅಮ್ಮ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಮಾನಿಟರ್ ಕ್ಯಾಲೆಂಡರ್ ಸುತ್ತಿಕೊಂಡು ಜೊತೆಗೆ ಹೊರಟಳು. ಒಳಗೆ ಹೋದವಳೇ ದೊಡ್ಡ ಪೊಲೀಸಿನ ಹಾಗೆ ನಿಂತು ಹೇಳಿದಳು: “ಇವನು ಮಾತ್ರೆ ತಗೊಂಡೇ ಇಲ್ಲ, ಡಾಕ್ಟರೇ!”

ಡಾಕ್ಟರಮ್ಮ ಕ್ಯಾಲೆಂಡರ್ ಬಿಡಿಸಿದರು. “ಈ ಟಿಕ್ಕೆಲ್ಲ ಯಾರು ಹಾಕಿದ್ದು?”

“ನಾನೇ.”

“ನೋಡದೇ ಹಾಕಿದ್ಯಾ?”

“ಛೆ! ಟಾರ್ಚ್ ಬಿಟ್ಟು, ನೋಡೇ ಹಾಕಿದ್ದು!”

“ಮತ್ತೆ?”

ಮಾನಿಟರ್ ಟಿಕ್ಕುಗಳನ್ನು ಬೆರಳಿಟ್ಟು ಎಣಿಸಿದಳು. ಮಾವ ಒಂದು ದಿನವೂ ತಪ್ಪಿಸಿರಲಿಲ್ಲ. ತಾನು ಹಿಡಿದು ತಂದ ಕಳ್ಳಿ ತಾನೇ ಎಂದು ಅವಳಿಗೆ ಆಗ ಹೊಳೆಯಿತು.

“ಮಾತ್ರೆ ತಗೊಂಡ್ರೂ ಒಮ್ಮೊಮ್ಮೆ ಮರುಕಳಿಸುತ್ತೆ ಪುಟ್ಟಿ,” ಎಂದರು ಡಾಕ್ಟರಮ್ಮ. “ಒಂದೇ ತಿಂಗಳಲ್ಲಿ ಅಜ್ಜಿ ಬಿದ್ರು, ಕೆಲಸ ಹೋಯ್ತು. ತಗೊಳ್ಳದೇ ಇದ್ದಿದ್ರೆ ಇನ್ನೂ ಜೋರಾಗಿರ್ತಿತ್ತೇನೋ. ಸ್ವಲ್ಪ ದಿನ ಮಾತ್ರೆ ಹೆಚ್ಚು ಮಾಡೋಣ. ವಾರಕ್ಕೊಮ್ಮೆ ಬರಲಿ.”

ಅಮ್ಮ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಳು. ಹೊರಗೆ ಫುಟ್‌ಪಾತಿನಲ್ಲಿ ಮಾನಿಟರ್‌ಗೆ ಅಳು ಬಂತು. ಅದೂ ಸಣ್ಣ ಅಳುವಲ್ಲ.

“ಸಾರಿ ಮಾವಾ... ನಾನು ದೊಡ್ಡ ಪೆದ್ದಿ.”

ಮಾವ ಅವಳ ಕೈ ಹಿಡಿದು ಅತ್ತಿತ್ತ ನೋಡಿದ. “ನಿಜ ಹೇಳು. ಆ ಜನ ನನ್ನನ್ನೇ ನೋಡ್ತಿದ್ದಾರಾ?”

ಅವಳು ಕಣ್ಣೊರೆಸಿಕೊಂಡು ಸರಿಯಾಗಿ ನೋಡಿದಳು.

“ನೋಡ್ತಿದ್ದಾರೆ. ಆದ್ರೆ ನನ್ನನ್ನ. ಕತ್ತೆ ಥರ ಅಳ್ತಿದ್ದೀನಲ್ಲ, ಅದಕ್ಕೆ.”

ಮಾವ ಆ ಜನರನ್ನು ಇನ್ನೊಮ್ಮೆ ನೋಡಿದ. “ಹಾಗಿದ್ರೆ ಪರವಾಗಿಲ್ಲ,” ಎಂದ.

ಅಮ್ಮ ಬಂದಳು. ಮೂವರೂ ಬಸ್ ಸ್ಟಾಪಿನ ಕಡೆ ಹೊರಟರು. ಮಾವನ ನಡಿಗೆ ಅಂದು ತುಂಬ ನಿಧಾನ. “ಬೇಗ ಬಾ” ಎನ್ನಲು ಹೊರಟ ಮಾನಿಟರ್, ಆ ಮಾತು ನುಂಗಿಕೊಂಡು, ತನ್ನ ಹೆಜ್ಜೆ ಚಿಕ್ಕದು ಮಾಡಿದಳು.