ಗೂಡಿನ ಮುಂದೆ ಬಿದ್ದಿದ್ದ ತುಪ್ಪಳ

೨೦೦೪ರ ಬೇಸಿಗೆ. ದೇಶದ ರಾಜಧಾನಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ರತ್ನಪ್ರಭಾ ಟೀಚರ ಮೊಲ ಸತ್ತು ಬಿದ್ದಿತ್ತು. ಅದೇ ಬ್ಲಾಕಿನ ಸುಮಿತ್ರಾ ಕೆಂಡವಾಗಿದ್ದಳು. ಕೊಲೆಯನ್ನು ತಂದು ಕಾಳುವಿನ ತಲೆಗೆ ಕಟ್ಟಿದ್ದರಲ್ಲ, ಅದಕ್ಕೆ. ಕಾಳು ಅವಳು ದಿನವೂ ಅನ್ನ ಹಾಕುತ್ತಿದ್ದ ಬೀದಿನಾಯಿ. ನಾಯಿ ಹಿಡಿಯುವವರ ವ್ಯಾನು ಆಗಲೇ ಬಂದು ಅದನ್ನು ತುಂಬಿಕೊಂಡಿತ್ತು. ಹೊರಟಿತೆಂದರೆ ಕಾಳು ತಿರುಗಿ ಬರುವ ಮಾತೇ ಇರಲಿಲ್ಲ.

"ಕಣ್ಣಾರೆ ಕಂಡೆ ಕಣ್ರೀ! ಮೊಲದ ಕತ್ತು ಕಚ್ಚಿ ಎಳೀತಿತ್ತು," ಎಂದು ಮೇಲ್ಮಹಡಿಯ ಅನಂತಮೂರ್ತಿ ಕೂಗಾಡಿದರು. ಪೂಜೆ ಮುಗಿಸಿ ಬಂದವರ ಹಣೆಯಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು. ಪಾರ್ಕಿನ ಬೇಲಿಯ ಕಣಗಿಲೆ ಹೂಗಳನ್ನು ಪೂಜೆಗೆಂದು ನಸುಕಿನಲ್ಲೇ ಬೋಳಿಸುವ ಈ ಮನುಷ್ಯನೊಡನೆ ಅವಳು ಜಗಳವಾಡದ ವಾರವಿರಲಿಲ್ಲ.

ಅವಳು ಹೋಗಿ ಕುಶಾಲಪ್ಪನವರ ಬಾಗಿಲು ಬಡಿದಳು. ಕೊಡಗಿನ ಈ ನಿವೃತ್ತ ಸುಬೇದಾರರು ಮಗಳ ಮನೆಯಲ್ಲಿದ್ದರು. ಕಾಲೊನಿಯಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಇವರನ್ನು ಕರೆಯುತ್ತಿದ್ದರು, ಇವರ ಹಿಂದೆ ಸುಮಿತ್ರಾಳೂ ಓಡುತ್ತಿದ್ದಳು.

"ಭಯ್ಯಾ, ಥೋಡಾ ರುಕೋ," ಎಂದು ವ್ಯಾನಿನವನನ್ನು ನಿಲ್ಲಿಸಿ ಅವರು ಮೊಲವನ್ನು ಹೊರಳಿಸಿ ನೋಡಿದರು. ಹಲ್ಲಿನ ಗುರುತಿರಲಿಲ್ಲ, ತೊಟ್ಟು ರಕ್ತವಿರಲಿಲ್ಲ. ಗೂಡಿನ ಮುಂದೆ ಬಿದ್ದಿದ್ದ ತುಪ್ಪಳದ ತುದಿಗಳು ಒಂದೇ ಸಮನಾಗಿದ್ದವು. ಗೂಡಿನ ಹುಲ್ಲಿನಡಿ ಕುಂಕುಮ ಮೆತ್ತಿದ ಗುಲಾಬಿ ಬಣ್ಣದ ಎಸಳೊಂದು ಸಿಕ್ಕಿತು.

"ಟೀಚರೇ, ಇದಕ್ಕೆ ಏನು ತಿನ್ನಿಸ್ತಿದ್ರಿ?"

"ಹುಲ್ಲು, ಮೂಲಂಗಿ ಸೊಪ್ಪು, ಕೊತ್ತಂಬರಿ. ಹೂವು ಯಾವತ್ತೂ ಹಾಕಿಲ್ಲ."

ಕುಶಾಲಪ್ಪ ಎಲ್ಲರನ್ನೂ ವರಾಂಡದಲ್ಲಿ ಸೇರಿಸಿದರು.

"ಮೊಲಕ್ಕೆ ಶತ್ರುಗಳು ಕಮ್ಮಿಯಾ? ನಾಯಿ, ಬೆಕ್ಕು, ನರಿ, ಮೇಲಿಂದ ಹದ್ದು. ಯಾವುದು ಹಿಡಿದರೂ ಹಲ್ಲೋ ಉಗುರೋ ಊರಲೇಬೇಕು. ಇಲ್ಲಿ ಚರ್ಮ ಗೀರಿಲ್ಲ. ತುಪ್ಪಳ ಕತ್ತರಿಯಲ್ಲಿ ಕತ್ತರಿಸಿದ್ದು. ಮೂರ್ತಿಗಳೇ, ನಾಯಿ ಕತ್ತರಿ ಹಿಡಿಯುತ್ತಾ? ಕತ್ತು ಕಚ್ಚಿದ್ದು ಕಂಡೆ ಅಂದವರು ನೀವೊಬ್ಬರೇ."

ಕುಶಾಲಪ್ಪ ಎಸಳನ್ನು ಎತ್ತಿ ಹಿಡಿದರು.

"ಈ ಎಸಳು ಕಣಗಿಲೆ. ಹೂವು, ಎಲೆ, ಕಡ್ಡಿ ಎಲ್ಲಾ ವಿಷ. ಕುಂಕುಮ ಇದೆ ಅಂದ್ರೆ ದೇವರ ಮೇಲಿಂದ ಇಳಿದದ್ದು. ಈ ಬ್ಲಾಕಲ್ಲಿ ದೇವರಿಗೆ ಕಣಗಿಲೆ ಏರಿಸೋದು ಯಾರ ಮನೇಲಿ?"

ಎಲ್ಲರೂ ಒಂದೇ ಕಡೆ ತಿರುಗಿದರು.

"ನಿರ್ಮಾಲ್ಯ ಕಣ್ರೀ," ಅನಂತಮೂರ್ತಿಯ ದನಿ ಉಡುಗಿತ್ತು. "ಕಸಕ್ಕೆ ಹಾಕಿ ತುಳಿಸಬಾರದು. ಊರಲ್ಲಾದ್ರೆ ಹೊಳೆಗೆ ಬಿಡ್ತಿದ್ವಿ. ಇಲ್ಲಿ ಮೊಲ ತಿಂದ್ರೆ ಒಳ್ಳೇದೇ ಅಲ್ವಾ ಅಂತ ನಿನ್ನೆ ಹಾಕಿದೆ. ಬೆಳಿಗ್ಗೆ ನೋಡಿದ್ರೆ ಸತ್ತಿತ್ತು. ಹೆದರಿಬಿಟ್ಟೆ."

"ಗೊತ್ತಿಲ್ದೆ ಹಾಕಿದ್ದು ಇರಲಿ," ಸುಮಿತ್ರಾ ಗುಡುಗಿದಳು. "ಆಮೇಲೆ ಕತ್ತರಿ ತಂದು ತುಪ್ಪಳ ಉದುರಿಸಿ ನಾಯಿ ಮೇಲೆ ಹೊರಿಸಿದ್ರಲ್ಲ! ಬಾಯಿಲ್ಲದ ಪ್ರಾಣೀನ ಸಾಯೋಕೆ ಕಳಿಸ್ತಿದ್ರಲ್ಲ! ನಾಚಿಕೆ ಆಗಲ್ವಾ?"

"ಚಲೋ ಮೂರ್ತಿಗಳೇ," ಎಂದರು ಕುಶಾಲಪ್ಪ. "ನೀವೇ ಹೋಗಿ ಬಿಡಿಸ್ಕೊಂಡು ಬನ್ನಿ."

ಅನಂತಮೂರ್ತಿ ಹೋಗಿ, ಸುಳ್ಳು ಹೇಳಿದ್ದು ತಾನೇ ಎಂದು ವ್ಯಾನಿನವನ ಮುಂದೆ ಒಪ್ಪಿಕೊಂಡರು. ಬಾಗಿಲು ತೆರೆದದ್ದೇ ಕಾಳು ಕೆಳಗೆ ಹಾರಿತು. ಬಾಲ ಆಡಿಸುತ್ತ, ಬಿಡಿಸಿದವರೆಂದು ಅವರ ಕೈಯನ್ನೇ ನೆಕ್ಕಲು ಹೋಯಿತು. ಅದನ್ನು ಕಂಡು ಸುಮಿತ್ರಾಳ ಸಿಟ್ಟು ನೆತ್ತಿಗೇರಿತು.

"ಮುಟ್ಟಬೇಡಿ ಅದನ್ನ!" ಎಂದು ಕಿರುಚಿ ಓಡಿದಳು. "ಬೆಳಿಗ್ಗೆ ಕಣಗಿಲೆ ಕಿತ್ತ ಕೈ ಅದು! ಮೊದಲು ತೊಳ್ಕೊಂಡು ಬನ್ನಿ!"