ಅಚ್ಚಿನಲ್ಲಿ ಇಲ್ಲದವನು

"ಇದ್ರಲ್ಲಿ ಉಸಿರಾಡೋಕೆ ಜಾಗ ಎಲ್ಲೈತೆ?"

ಬೆನ್ನ ಹಿಂದಿನಿಂದ ಬಂದ ಮಾತಿಗೆ ಗಂಗಾಮಣಿ ಗಕ್ಕನೆ ತಿರುಗಿದಳು. ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು.

ಅಚ್ಚೊತ್ತಲು ಅವಳು ಕೆತ್ತುತ್ತಿದ್ದ ರಬ್ಬರಿನಂಥ ಲಿನೋ ಹಾಳೆಯ ತುಂಬ ಎಲೆ, ಎಲೆಯ ಮೇಲೆ ಎಲೆ, ಸಂದಿಗೊಂದಿಯಲ್ಲೆಲ್ಲ ಕಾಫಿ ಹಣ್ಣು! ಬೆರಳಿಡುವಷ್ಟು ಜಾಗ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ.

"ನಿನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ. ನೋಡಿ ಕಣ್ಣು ನೋವಾಯ್ತು, ಅದಕ್ಕೇ ಹೇಳ್ದೆ."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವಳ ಕಿವಿ ಬಿಸಿಯಾಯಿತು.

'ದುರಹಂಕಾರಿ! ಇವನ ಮುಖ ಇನ್ನೊಂದ್ಸಲ ನೋಡಿದ್ರೆ ಕೇಳು...'

ನೋಡಿದಳು ಬಿಡಿ. ಮರುದಿನವೂ ನೋಡಿದಳು, ಅದರ ಮರುದಿನವೂ.

ಅವನ ಹೆಸರು ಅಭಿಲಾಷ್. ಮಾರನಹಳ್ಳಿ ಕಡೆಯ ಎಸ್ಟೇಟೊಂದರಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯವನು. ತಾಯಿ ಮಾರಮ್ಮ ಅಲ್ಲೇ ಕಾಫಿ ಕುಯ್ಯುವವಳು. ಗಂಗಾಮಣಿ ಆಲೂರು ಕಡೆಯ ಸಣ್ಣ ಬೆಳೆಗಾರ ಸುಬ್ಬಯ್ಯನ ಒಬ್ಬಳೇ ಮಗಳು. ಇಬ್ಬರೂ ಸಕಲೇಶಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ.

ತೊಂಬತ್ತೆಂಟನೇ ಇಸವಿಯ ಮಾತು. ಕೆಮಿಸ್ಟ್ರಿಯ ಮಹಾದೇವಯ್ಯ ಸರ್ ಮತ್ತು ಡ್ರಾಯಿಂಗಿನ ಜಗದಾಂಬ ಮಿಸ್ ಸೇರಿ ಆ ವರ್ಷ ಹೊಸದೊಂದು ಕೆಲಸ ಹಚ್ಚಿದ್ದರು. ಒಬ್ಬೊಬ್ಬರಿಗೂ ಒಂದೊಂದು ಮೂಲವಸ್ತು. ಅದನ್ನು ಮನಸ್ಸಿಗೆ ಬಂದ ಹಾಗೆ ಲಿನೋ ಮೇಲೆ ಕೆತ್ತಬೇಕು, ಬಣ್ಣ ಉರುಳಿಸಿ ಕಾಗದಕ್ಕೆ ಒತ್ತಬೇಕು. ಜನವರಿಯಲ್ಲಿ ಎಲ್ಲ ಅಚ್ಚುಗಳ ಪ್ರದರ್ಶನ. ಗೆದ್ದವರಿಗೆ ಬೇಸಿಗೆಯಲ್ಲಿ ಮೈಸೂರಿನಲ್ಲಿ ಚಿತ್ರಕಲೆಯ ತರಬೇತಿ, ಖರ್ಚೆಲ್ಲ ಕಾಲೇಜಿನದೇ.

ಆ ಮೈಸೂರಿಗಾಗಿ ಅಭಿಲಾಷ್ ಹಗಲೂ ರಾತ್ರಿ ಒದ್ದಾಡುತ್ತಿದ್ದ. ಅವನ ಪಾಲಿಗೆ ಬಂದದ್ದು ಇಂಗಾಲ. ತಾಯಿಯ ಒಲೆ ಹಿಂದಿನ ಗೋಡೆಯ ಮಸಿಯನ್ನೇ ಕೆತ್ತುತ್ತಿದ್ದ.

ಗಂಗಾಮಣಿಗೆ ಬಂದದ್ದು ತಾಮ್ರ. ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತದಲ್ಲಿ ಇರುವುದೂ ತಾಮ್ರವೇ ತಾನೇ? ಹಾಗಾಗಿ ತೋಟಕ್ಕೆ ಔಷಧಿ ಹೊಡೆಯುವ ಚಿತ್ರ ಹಿಡಿದಿದ್ದಳು.

"ಕೆತ್ತಿದ್ದು ಬಿಳಿ, ಉಳಿದದ್ದಕ್ಕೆ ಬಣ್ಣ," ಎನ್ನುತ್ತಿದ್ದರು ಜಗದಾಂಬ ಮಿಸ್. "ಏನೂ ಇಲ್ಲದ ಜಾಗಾನೂ ಚಿತ್ರವೇ ಕಣ್ರಮ್ಮಾ. ಅದಕ್ಕೂ ಒಂದು ಆಕಾರ ಇರುತ್ತೆ."

ಮಿಸ್ ಹೇಳಿದ್ದು ಗಂಗಾಮಣಿಯ ತಲೆಗೆ ಹತ್ತಲಿಲ್ಲ. ಹತ್ತಿಸಿದವನು ಅವನೇ, ಆ ದುರಹಂಕಾರಿ.

"ಎರಡು ಎಲೆ ನಡುವಿನ ಬೆಳಕು ನೋಡು ಮಾರಾಯ್ತಿ. ಎಲೆ ನೋಡ್ಬೇಡ."

ಅವಳು ನೋಡಿದ್ದು ಬೆಳಕನ್ನೂ ಅಲ್ಲ, ಎಲೆಯನ್ನೂ ಅಲ್ಲ, ಹೇಳುತ್ತಿದ್ದವನ ಮುಖವನ್ನು. ಹುಡುಗಿ ಬಿದ್ದೇ ಹೋಗಿದ್ದಳು! ಬಾಯಿ ಬಿಟ್ಟು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಮೊದಲಿನ ಹಾಳೆ ಎಸೆದು ಹೊಸದು ತೆಗೆದಳು. ಗಿಡಗಳ ನಡುವೆ ಪೈಪು ಹಿಡಿದ ಗಂಡಸೊಬ್ಬನನ್ನು ಬರೆದಳು. ಎಡ ಭುಜ ಕೊಂಚ ಇಳಿದಿತ್ತು, ಅಭಿಲಾಷನದ್ದು ಇಳಿದಿರುವ ಹಾಗೆಯೇ.

ಕೆತ್ತನೆ ಅರ್ಧವಾಗಿತ್ತು, ಪ್ರದರ್ಶನಕ್ಕೆ ಎರಡು ದಿನ ಇತ್ತು, ಅಷ್ಟರಲ್ಲಿ ಅವಳಿಗೆ ಕೆಂಡದಂಥ ಜ್ವರ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ನಡುಗುತ್ತ ಹಾಳೆಯನ್ನು ಅಭಿಲಾಷನ ಕೈಗಿಟ್ಟಳು. "ಸೀಮೆಸುಣ್ಣದಲ್ಲಿ ಗುರುತು ಹಾಕಿದೀನಿ. ನೋಡ್ಕೊಂಡು ಕೆತ್ಬುಡು ಕಣೋ... ಒತ್ತೋದು ಮಿಸ್ ಒತ್ತುತ್ತಾರೆ."

ಗುರುತು ಹಾಕಿದ್ದು ಆ ಗಂಡಸಿನ ಮೈಮೇಲೆ. ಅವನನ್ನು ಮುಟ್ಟಬಾರದು, ಅವನು ಉಳಿಯಬೇಕು. 'ಕೆತ್ತುವಾಗ ಗೊತ್ತಾಗುತ್ತೆ ಅವನಿಗೆ, ಅದು ಅವನೇ ಅಂತ,' ಎಂದುಕೊಂಡು ಜ್ವರದಲ್ಲೂ ನಾಚಿದಳು.

ಪ್ರದರ್ಶನದ ಬೆಳಿಗ್ಗೆ ಮನೆಯವರು ಬೇಡಬೇಡವೆಂದರೂ ಕೇಳದೆ ಎದ್ದು ಬಂದಳು.

ಗೋಡೆಯಲ್ಲಿ ಅವಳ ಅಚ್ಚು ಇತ್ತು. ಹಸಿರು ನೀಲಿ ಎಲೆಗಳು ಒತ್ತಾಗಿ ನಿಂತಿದ್ದವು. ನಡುವೆ ಮನುಷ್ಯನಾಕಾರದ ಬಿಳಿ. ಕಣ್ಣಿಲ್ಲ, ಮೂಗಿಲ್ಲ, ಏನೂ ಇಲ್ಲ.

ಆ ಗಂಡಸನ್ನೇ ಅಭಿಲಾಷ್ ಕೆತ್ತಿ ತೆಗೆದಿದ್ದ!

'ಗೊತ್ತಾಗಿದೆ ಇವನಿಗೆ. ನನ್ನ ಮನಸ್ಸು ಗೊತ್ತಾಗಿ, ಬೇಡ ಅಂತ ಹೀಗೆ ಹೇಳಿದಾನೆ. ಬಾಯಲ್ಲಿ ಹೇಳೋ ಮರ್ಯಾದೆನೂ ತೋರಿಸ್ಲಿಲ್ಲ!'

"ಯಾಕೆ ಹಿಂಗೆ ಮಾಡ್ದೆ?" ಎಂದು ಎಲ್ಲರೆದುರೇ ಕಿರುಚಿದಳು.

ಅಭಿಲಾಷನ ಕಣ್ಣು ಕೆಂಪಗಿತ್ತು. "ನೀನು ಹೇಳಿದ್ದನ್ನೇ ಮಾಡಿದ್ದು. ಗುರುತು ಹಾಕಿದ್ದು ನೀನೇ ತಾನೇ?"

"ಸುಳ್ಳು! ಮೈಸೂರಿಗೆ ನೀನೊಬ್ನೇ ಹೋಗ್ಬೇಕು ಅಂತ ನನ್ ಕೆಲಸ ಹಾಳು ಮಾಡ್ಬುಟ್ಟೆ. ಲೈನ್ ಮನೇಲಿ ಹುಟ್ಟಿದೋನ ಬುದ್ಧಿ ಇನ್ನೆಂಗಿರುತ್ತೆ!"

ಛೇ! ಆಡಬಾರದಿತ್ತು. ನಾಲಿಗೆಗೆ ಎಲುಬಿಲ್ಲ ನೋಡಿ, ಆಡಿಬಿಟ್ಟಳು.

ಯಾರೋ ಕಿಸಕ್ಕೆಂದು ನಕ್ಕರು. ಗಲಾಟೆ ಕೇಳಿ ಬಂದ ಮಹಾದೇವಯ್ಯ ಸರ್ ಅವನನ್ನು ಒಂದು ಮಾತೂ ಕೇಳಲಿಲ್ಲ. ಇಂಗಾಲದ ಅಚ್ಚನ್ನು ಗೋಡೆಯಿಂದ ಕಿತ್ತು ಎರಡು ತುಂಡು ಮಾಡಿ ಅವನ ಕಾಲ ಬಳಿ ಎಸೆದರು. "ತಗೊಂಡು ಹೋಗು. ಸೇರಿಸಿಕೊಂಡಿದ್ದೇ ನಮ್ಮ ತಪ್ಪು."

ಅಭಿಲಾಷ್ ಬಗ್ಗಿ ಆ ತುಂಡುಗಳನ್ನು ಎತ್ತಿಕೊಂಡ. ಗಂಗಾಮಣಿಯ ಕಡೆ ಒಮ್ಮೆ ನೋಡಿ ಹೊರಟು ಹೋದ. ಮತ್ತೆ ಕಾಲೇಜಿಗೆ ಬರಲಿಲ್ಲ.

ಮಧ್ಯಾಹ್ನ ಹಾಸನದಿಂದ ಬಂದ ತೀರ್ಪುಗಾರರು ಸುತ್ತಿ ಸುತ್ತಿ ಅವಳ ಅಚ್ಚಿನ ಮುಂದೆಯೇ ನಿಂತರು. "ಎಂಥ ಧೈರ್ಯದ ಖಾಲಿ ಜಾಗ! ಇಲ್ಲದ ಮನುಷ್ಯನೇ ಕಣ್ಣಿಗೆ ಕಟ್ಟುತ್ತಾನೆ," ಅಂದರು. ಮೊದಲ ಬಹುಮಾನ ಅವಳದೇ.

ಆ ಬಿಳಿಯನ್ನು ಕೆತ್ತಿದ ಕೈ ತನ್ನದಲ್ಲವೆಂದು ಅವಳು ಬಾಯಿ ಬಿಡಲಿಲ್ಲ. ಚಪ್ಪಾಳೆ ತಟ್ಟಿದರು, ತಲೆ ಬಗ್ಗಿಸಿ ತೆಗೆದುಕೊಂಡಳು. ಆಮೇಲೆ ನೆಮ್ಮದಿಯಿತ್ತೇ? ಎಲ್ಲಿಯ ನೆಮ್ಮದಿ! 'ಬೇಡ ಅಂತಿದ್ರೆ ಮುಖಕ್ಕೇ ಹೇಳ್ಬೋದಿತ್ತು... ಯಾಕೆ ಹಾಗೆ ಮಾಡ್ದ?' ಅದೊಂದು ಉತ್ತರ ಸಿಗದೆ ಮೈಸೂರಿಗೆ ಹೋಗಲು ಅವಳಿಂದಾಗದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಮಾರನಹಳ್ಳಿಯ ಬಸ್ಸು ಹತ್ತಿದಳು.

ಎಸ್ಟೇಟಿನಲ್ಲಿ ನೆರಳು ತೆಗೆಯುವ, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ಹೆಚ್ಚಿನ ಮರ ಕಡಿಯುವ ಕೆಲಸ ನಡೆದಿತ್ತು. ಅಭಿಲಾಷ್ ಕಡಿದ ಕೊಂಬೆ ಎಳೆಯುತ್ತಿದ್ದ. ಅವಳನ್ನು ಕಂಡವನು ಕಾಣದವನಂತೆ ಕೆಲಸ ಮುಂದುವರಿಸಿದ. ಅಷ್ಟರಲ್ಲಿ ಲಕ್ಕಯ್ಯನೆಂಬ ಆಳು ಕೊಡಲಿ ಎತ್ತಿದ್ದು ಕಂಡಿತು. ಆ ಮರದ ಬುಡಕ್ಕೆ ಸುಣ್ಣ ಬಳಿದಿತ್ತು.

"ಅಯ್ಯೋ, ನಿಲ್ಸಿ!" ಗಂಗಾಮಣಿ ಓಡಿ ಬಂದಳು. "ಸುಣ್ಣ ಬಳ್ದಿರೋದು ಕಾಣಲ್ವಾ? ಅದು ಉಳಿಸೋ ಮರ!"

ಲಕ್ಕಯ್ಯ ನಕ್ಕ. "ಯಾವೂರು ತಾಯಿ ನಿಂದು? ಸುಣ್ಣ ಬಳಿಯೋದೇ ಕಡಿಯೋ ಮರಕ್ಕೆ. ನಾನು ಹುಟ್ಟಿದಾಗಿಂದ ಈ ಎಸ್ಟೇಟಲ್ಲಿ ಹಿಂಗೇ."

ಅವಳು ನಿಂತಲ್ಲೇ ನಿಂತಳು.

ಅವಳ ಮನೆಯ ತೋಟದಲ್ಲಿ ಸುಣ್ಣ ಬಳಿಯುತ್ತಿದ್ದವನು ಅಪ್ಪ. ಬಳಿಯುತ್ತಿದ್ದದ್ದು ಉಳಿಸುವ ಮರಕ್ಕೆ. ಸುಣ್ಣದ ಮರಕ್ಕೆ ಕತ್ತಿ ತಾಗಿಸಿದ ಆಳಿಗೆ ಮರುದಿನ ಕೆಲಸವಿರಲಿಲ್ಲ. ಬೇರೆ ಕಡೆ ಬೇರೆ ಥರ ಇರಬಹುದೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

"ಅಭಿ..." ಅವನತ್ತ ತಿರುಗಿದಳು. "ನನ್ ಹಾಳೆ ಮೇಲೆ ಸೀಮೆಸುಣ್ಣ ನೋಡಿ ನೀನು ಏನಂದ್ಕೊಂಡೆ?"

"ಏನಂದ್ಕೋಬೇಕಿತ್ತು?" ಅವನು ಕೊಂಬೆ ಬಿಟ್ಟು ನೆಟ್ಟಗಾದ. "ನನ್ನನ್ನೇ ಬರ್ದಿದ್ದೆ. ಆಮೇಲೆ ನನ್ನನ್ನೇ ತೆಗಿ ಅಂತ ನನ್ ಕೈಗೇ ಕೊಟ್ಟೆ. ಎಷ್ಟು ಹೊತ್ತು ಉಳಿ ಹಿಡ್ಕೊಂಡು ಕೂತಿದ್ದೆ ಗೊತ್ತಾ? ನೀನು ಕೇಳಿದ್ದು ಅಂತ ತೆಗ್ದೆ. ನನ್ ಮುಖಾನ ನಾನೇ ಕೆತ್ತಿ ಬಿಸಾಕ್ದೆ!"

"ಉಳಿಸು ಅಂತ ಕಣೋ ಹಾಕಿದ್ದು... ನಮ್ಮಲ್ಲಿ ಉಳಿಸೋದಕ್ಕೇ ಗುರುತು ಹಾಕೋದು..." ಅಲ್ಲೇ ತರಗೆಲೆಯ ಮೇಲೆ ಕುಸಿದು ಕೂತಳು. "ನನಗೆ ಹೇಳೋಕೆ ಬರ್ಲಿಲ್ಲ, ಅದಕ್ಕೇ ಬರ್ದೆ. ನೀನಂದ್ರೆ ನಂಗೆ ಇಷ್ಟ ಅಭಿ. ಅವತ್ತೂ ಇಷ್ಟ, ಇವತ್ತೂ ಇಷ್ಟ."

ಅವನ ಮುಖ ಒಂದು ಗಳಿಗೆ ಸಡಿಲಾಯಿತು, ಹಿಂದೆಯೇ ಬಿಗಿಯಿತು.

"ಗುರುತಿಂದು ಗೊತ್ತಾಗದೆ ಆದ ತಪ್ಪು, ಸರಿ. ಆದ್ರೆ ಲೈನ್ ಮನೆ ಅಂದ್ಯಲ್ಲ, ಅದು ಗೊತ್ತಿದ್ದೇ ಅಂದಿದ್ದು."

ಗಂಗಾಮಣಿ ಕೈಗೆ ಸಿಕ್ಕ ತರಗೆಲೆಯನ್ನು ಪುಡಿ ಮಾಡಿದಳು.

"ಹಾಜರಿ ಇಲ್ಲ, ಈ ವರ್ಷ ಪರೀಕ್ಷೆಗೆ ಕೂರೋ ಹಂಗಿಲ್ಲ ನಾನು. ನಮ್ಮವ್ವ ಯಾಕೆ ಕಾಲೇಜು ಬಿಟ್ಟೆ ಅಂತ ಕೇಳ್ತಾಳೆ. ನಿನ್ ಮಾತನ್ನ ಅವಳ ಮುಂದೆ ಹೇಳ್ಲಾ? ಅವಳು ನನ್ನ ಹೆತ್ತಿದ್ದು ಆ ಮನೇಲೇ ಕಣೇ!"

"ನಾಳೆ ಎಲ್ಲರ ಮುಂದೆ ಹೇಳ್ತೀನಿ, ತಪ್ಪು ನಂದು ಅಂತ. ಬಹುಮಾನನೂ ವಾಪಸ್ ಕೊಡ್ತೀನಿ. ನೀನೂ ಬಾ..."

"ಬರಲ್ಲ."

"ಅಭಿ..."

"ಬಸ್ಸು ಬರೋ ಹೊತ್ತಾಯ್ತು. ಹೋಗು."

ಮರುದಿನ ಜಗದಾಂಬ ಮಿಸ್ ಕ್ಲಾಸಿನಲ್ಲಿ ಗಂಗಾಮಣಿ ಎದ್ದು ನಿಂತಳು. ಮಹಾದೇವಯ್ಯ ಸರ್ ಅವರನ್ನೂ ಕರೆಸಿದ್ದಳು. ಒಂದನ್ನೂ ಬಿಡದೆ ಹೇಳಿದಳು. ಸೀಮೆಸುಣ್ಣದ ಗುರುತು, ಸುಣ್ಣದ ಮರ, ತಾನು ಕೆತ್ತದ ಬಿಳಿಗೆ ಪಡೆದ ಬಹುಮಾನ. ಆಮೇಲೆ ಅವನಿಗೆ ಅಂದ ಮಾತು.

"ಅವನು ನನ್ನ ಕೆಲಸ ಹಾಳು ಮಾಡಿರಲಿಲ್ಲ. ನಾನೇ ಅವನ ವರ್ಷ ಹಾಳು ಮಾಡಿದ್ದು. ಯಾಕಂದ್ರೆ... ನನಗೆ ಅವನು ಇಷ್ಟ ಇದ್ದ, ಬೇಡ ಅಂದ ಅಂದ್ಕೊಂಡು ಸಿಟ್ಟು ಬಂತು."

ಅವತ್ತು ಅವನನ್ನು ನೋಡಿ ನಕ್ಕವರೇ ಇವತ್ತು ಅವಳನ್ನು ನೋಡಿ ನಕ್ಕರು. ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹೊಡೆದರು. ಮಹಾದೇವಯ್ಯ ಸರ್, "ನಾಚಿಕೆ ಆಗಲ್ವೇನಮ್ಮಾ ನಿಂಗೆ?" ಅಂದು ಎದ್ದು ಹೋದರು. ಹರಿದ ಅಚ್ಚಿನ ಬಗ್ಗೆ ತುಟಿ ಪಿಟಕ್ ಅನ್ನಲಿಲ್ಲ. ಮಿಸ್ ಮಾತ್ರ ಮೈಸೂರಿನ ಕಾಗದದಲ್ಲಿ ಅವಳ ಹೆಸರು ಹೊಡೆದು ಅಭಿಲಾಷನ ಹೆಸರು ಬರೆದರು. ಆದರೆ ಅವನ ಕೈತಪ್ಪಿದ ಆ ವರ್ಷ ಹೋಗೇ ಹೋಯಿತು, ಅದನ್ನು ತರುವ ಶಕ್ತಿ ಯಾರಿಗೂ ಇರಲಿಲ್ಲ.

ಕಣ್ಣೀರು ಒರೆಸಿಕೊಳ್ಳುತ್ತ ಹೊರಗೆ ಬಂದರೆ ವರಾಂಡದ ಕಂಬಕ್ಕೆ ಒರಗಿ ಅವನು ನಿಂತಿದ್ದ.

"ಬರಲ್ಲ ಅಂದಿದ್ದೆ..."

"ನೀನು ಅಳೋದು ನೋಡೋಣ ಅಂತ ಬಂದೆ."

"ಅತ್ತಾಯ್ತು. ನೋಡ್ದಾ?"

"ನೋಡ್ದೆ."

"ಖುಷಿ ಆಯ್ತಾ?"

ಅಭಿಲಾಷ್ ಕಂಬ ಬಿಟ್ಟು ನೆಟ್ಟಗೆ ನಿಂತ.

"ಇಲ್ಲ ಕಣೇ," ಅಂದ. "ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲೇ ಇಲ್ಲ."